ಹೇನಿನ ಬೆನ್ನಿನ ಮುಚ್ಚಳ

ಗಾಂಜಾ ಹೂವಿಗೆ ಹೊಡೆದ ವಿಷ ಸೇದುವವರ ಎದೆಗೇ ಇಳಿಯುತ್ತದೆ. ಈ ಹೂವನ್ನು ಯಾರೂ ತೊಳೆದು ಸೇದುವುದಿಲ್ಲ. ಇಷ್ಟು ತಿಳಿಯಲು ಯಾವ ಓದೂ ಬೇಕಿಲ್ಲ. ಆದರೂ ಗಾಂಜಾ ಬೆಳೆಗೆ ಹೆಸರಾದ ಹಂಬೋಲ್ಟ್ ಬೆಟ್ಟಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಹೊಡೆಯುವವರಿಗೇನೂ ಬರವಿಲ್ಲ.

ವಿಲ್ಮಾಳ ಹಿತ್ತಲಲ್ಲಿದ್ದದ್ದು ಅಲ್ಲಿನ ಕಾನೂನು ಒಪ್ಪುವ ಆರೇ ಗಿಡ. ಕ್ಯಾನ್ಸರ್ ನೋವಿನಲ್ಲಿ ಮಲಗಿದ್ದ ಗಂಡ ಕ್ಲೈವ್‌ಗೆ ಚಳಿಗಾಲವಿಡೀ ನಿದ್ದೆ ಕೊಡಬೇಕಾದವು ಅವೇ. ಹೂ ಬಿಡುವ ಹೊತ್ತಿಗೆ ಎಲೆಯಡಿ ಸಸ್ಯಹೇನು ಮುತ್ತಿಕೊಂಡವು. ಅವಳ ತಮ್ಮ ಆರ್ಲೊ ಹೇನಿಗೆ ಹೊಡೆಯುವ ಔಷಧಿಯ ಡಬ್ಬಿಯನ್ನು ಬೆನ್ನಿಗೇರಿಸಿಕೊಂಡೇ ಬಂದ.

"ಅಕ್ಕಾ, ಕೆಲವು ಊದ್ಕೊಂಡು ಕಂದುಬಣ್ಣಕ್ಕೆ ತಿರುಗಿವೆ ನೋಡು. ಇದ್ಯಾವ್ದೋ ಇನ್ನೂ ಕೆಟ್ಟ ಜಾತಿ. ಇವತ್ತು ಹೊಡೀದಿದ್ರೆ ಭಾವನಿಗೆ ಬರೀ ಕಡ್ಡಿನೇ ಗತಿ!"

"ನಿನ್ನ ಡಬ್ಬೀಲಿರೋದನ್ನ ನಿಮ್ಮ ಭಾವ ಸೇದಬೇಕೇನೋ, ಪೆದ್ದ? ಸುಮ್ನೆ ನಿಲ್ಲು."

ವಿಲ್ಮಾ ಕೊರಳಲ್ಲಿದ್ದ ಭೂತಗನ್ನಡಿ ಎತ್ತಿ ಎಲೆ ಮಗುಚಿದಳು. ಕಂದು ಹೇನು ಸತ್ತು ಗಟ್ಟಿಯಾಗಿತ್ತು, ಆದರೆ ಒಳಗೆ ಏನೋ ಮಿಸುಕುತ್ತಿತ್ತು. ಅದರ ಬೆನ್ನಿನ ಮೇಲೆ ದುಂಡನೆಯ ಗೆರೆ ಮೂಡಿ, ಮುಚ್ಚಳದಂತೆ ತೆರೆದುಕೊಂಡಿತು. ಎಳ್ಳಿಗಿಂತ ಸಣ್ಣ ಕಣಜವೊಂದು ಹೊರಬಂದು ಮೀಸೆ ತೀಡಿಕೊಂಡಿತು. ಪಕ್ಕದಲ್ಲೇ ಅಂಥದೇ ಇನ್ನೊಂದು, ಜೀವಂತ ಹೇನಿನೊಳಗೆ ಮೊಟ್ಟೆ ಚುಚ್ಚುತ್ತಿತ್ತು. ಅವಳು ಕನ್ನಡಿಯನ್ನು ತಮ್ಮನಿಗೆ ಕೊಟ್ಟಳು.

ಆರ್ಲೊ ಒಂದೊಂದೇ ಎಲೆ ಮಗುಚಿ ನೋಡಿದ.

"ಹೇನನ್ನ ಒಳಗಿಂದ್ಲೇ ತಿಂದುಹಾಕೋ ಇವನ್ನೇ ನಾನು ಕೊಲ್ಲೋಕೆ ಬಂದಿದ್ನಲ್ಲಕ್ಕಾ," ಎಂದು ಡಬ್ಬಿ ಇಳಿಸಿದ.

ಕೊಯ್ಲಿನ ಹೊತ್ತಿಗೆ ಎಲೆಯಡಿ ಉಳಿದದ್ದು ತೂತುಬಿದ್ದ ಖಾಲಿ ಚಿಪ್ಪುಗಳಷ್ಟೇ. ಆ ಚಳಿಗಾಲ ಕ್ಲೈವ್ ನಿದ್ದೆ ಮಾಡಿದ.

ಡಬ್ಬಿ ಎತ್ತುವ ಮುನ್ನ ನೀವೂ ಒಂದು ಎಲೆ ಮಗುಚಿ ನೋಡಿ. ಇಂದೇ ನೋಡಿ.