ಹೊಸ್ತಿಲ ಕೆಳಗಿನ ತಾಮ್ರದ ಕೊಳವೆ

ಶೆಟ್ಟಿಕೊಪ್ಪದ ಚಿಕ್ಕಪ್ಪನ ಮನೆಯಲ್ಲಿ ಗೆದ್ದಲು ಹಿಡಿದ ಹೊಸ್ತಿಲನ್ನು ಕಿತ್ತಾಗ ಅದರಡಿ ಒಂದು ತಾಮ್ರದ ಕೊಳವೆ ಸಿಕ್ಕಿತು. ಗೇಣುದ್ದವೂ ಇರಲಿಲ್ಲ. ಎರಡೂ ತುದಿಗೆ ಸೀಸ ಕರಗಿಸಿ ಹೊಯ್ದು ಮುಚ್ಚಿದ್ದರು. ಒಳಗೆ ನವರತ್ನ ಇರಬಹುದೆಂದು ಚಿಕ್ಕಪ್ಪ ಗರಗಸ ತಂದರು. ಹಿರಿಯರು ಮುಚ್ಚಿಟ್ಟದ್ದನ್ನು ಕೊಯ್ಯಲು ಬಿಡುವುದಿಲ್ಲವೆಂದು ಚಿಕ್ಕಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು. ಕೊನೆಗೆ ಇಬ್ಬರೂ ಒಪ್ಪಿ ಕೊಪ್ಪಕ್ಕೆ ಒಯ್ದು ಎಕ್ಸ್‌ರೇ ತೆಗೆಸಿದರು. ಫಿಲ್ಮಿನಲ್ಲಿ ಕಂಡದ್ದು ಒಂದು ಬಿಳೀ ಪಟ್ಟಿ ಮಾತ್ರ.

ನಾನು ರಜೆಗೆ ಹೋದಾಗ ವಿಷಯ ನನ್ನ ಮುಂದೆ ಬಂತು. ನನ್ನ ಕೆಲಸ ಸಂಶೋಧನಾ ರಿಯಾಕ್ಟರೊಂದರಲ್ಲಿ ನ್ಯೂಟ್ರಾನ್ ಬಳಸಿ ವಸ್ತುಗಳ ಒಳಗಿನ ಚಿತ್ರ ತೆಗೆಯುವುದು. ಎಕ್ಸ್‌ರೇಯನ್ನು ಲೋಹ ತಡೆಯುತ್ತದೆ. ನ್ಯೂಟ್ರಾನ್ ಸೀಸ, ತಾಮ್ರಗಳನ್ನು ಸಲೀಸಾಗಿ ದಾಟುತ್ತದೆ, ಆದರೆ ಹೈಡ್ರೋಜನ್ ಇರುವ ನೀರು, ಮರ, ಕಾಳುಗಳಲ್ಲಿ ಚದುರಿ ನೆರಳು ಬೀಳಿಸುತ್ತದೆ ಎಂದು ವಿವರಿಸಿದೆ.

ಚಿಕ್ಕಮ್ಮ ಕೇಳಿದ್ದು ಒಂದೇ. "ತೂತುಗೀತು ಮಾಡ್ತದಾ?"

"ಇಲ್ಲ ಚಿಕ್ಕಮ್ಮ, ಒಂದು ಗೀರೂ ಬೀಳೂದಿಲ್ಲ."

"ಹಂಗಾದ್ರೆ ತಗೊಂಡು ಹೋಗು."

ನಮ್ಮಲ್ಲಿ ಆಗಷ್ಟೇ ಹೊಸ ಕ್ಯಾಮೆರಾ ಬಂದಿತ್ತು. ಅದರ ಪರೀಕ್ಷೆಗೆ ಒಳಗೇನಿದೆಯೆಂದು ಯಾರಿಗೂ ಗೊತ್ತಿಲ್ಲದ ವಸ್ತು ಬೇಕೆಂದಾಗ ಕೊಳವೆಯನ್ನು ಮುಂದಿಟ್ಟೆ. ಪರದೆಯ ಮೇಲೆ ತಾಮ್ರ ತೆಳು ಮಂಜಿನಂತೆ ಕಂಡಿತು. ಅದರೊಳಗೆ ಕಪ್ಪು ಚುಕ್ಕೆಗಳು. ಮಣಿಗಳೆಂದುಕೊಂಡು ದೊಡ್ಡದು ಮಾಡಿ ನೋಡಿದರೆ ಪ್ರತಿಯೊಂದಕ್ಕೂ ಕೂದಲೆಳೆಯಂಥ ಮೀಸೆ. ಭತ್ತ! ನಾನು ಕುರ್ಚಿ ಬಿಟ್ಟೆದ್ದು ನಕ್ಕೆ. ಪಕ್ಕದಲ್ಲಿದ್ದವರಿಗೆ ಎಷ್ಟು ಹೇಳಿದರೂ ನನ್ನ ಸಂತೋಷ ಪೂರ್ತಿ ಅರ್ಥವಾಗಲಿಲ್ಲ.

ನ್ಯೂಟ್ರಾನ್ ತಗುಲಿದ ತಾಮ್ರ ಸ್ವಲ್ಪ ಕಾಲ ವಿಕಿರಣ ಸೂಸುತ್ತದೆ. ಅದು ತಣಿಯುವವರೆಗೆ ಕೊಳವೆಯನ್ನು ಸೀಸದ ಗೂಡಿನಲ್ಲಿಟ್ಟು, ಮೀಟರ್ ಹಿಡಿದು ಪರೀಕ್ಷಿಸಿ, ಆಮೇಲೆ ಊರಿಗೆ ಒಯ್ದೆ.

ಜಗಲಿಯಲ್ಲಿ ಚಿತ್ರ ಹರಡಿದೆ. "ಇಷ್ಟೇಯಾ ಮಾರಾಯ್ತಿ?" ಎಂದರು ಚಿಕ್ಕಪ್ಪ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಮೀಸೆ ನೋಡಿ. ಅತ್ತೆ ಹೇಳ್ತಿರ್ಲಿಲ್ವಾ, ಹಂದಿ ಮುಟ್ಟದ ಭತ್ತ ಅಂತ?"

ಚಿಕ್ಕಪ್ಪ ಹತ್ತಿರ ಸರಿದರು. ಅವರಮ್ಮ ಆ ಭತ್ತದ ಸುದ್ದಿ ಎತ್ತಿದಾಗಲೆಲ್ಲ ಕಟ್ಟುಕತೆಯೆಂದು ನಗೆಯಾಡುತ್ತಿದ್ದವರು ಅವರೇ. ಚಿತ್ರವನ್ನು ಬೆಳಕಿಗೆ ಹಿಡಿದು, "ಅಮ್ಮ ಸುಳ್ಳು ಹೇಳಿರ್ಲಿಲ್ಲ ಹಂಗಾದ್ರೆ" ಎಂದರು. ನಗುತ್ತಿದ್ದರೂ ಕಣ್ಣು ಒದ್ದೆಯಾಗಿತ್ತು. ಕೊಯ್ಯುವ ಮಾತನ್ನು ಮತ್ತೆ ಎತ್ತಲಿಲ್ಲ.

ಆ ಬೇಸಿಗೆಯೆಲ್ಲ ಅವರು ಮೀಸೆ ಭತ್ತವನ್ನು ಹುಡುಕಿಕೊಂಡು ತಿರುಗಿದರು. ಸೀತೂರಿನ ವಯಸ್ಸಾದ ರೈತರೊಬ್ಬರು ಚಿತ್ರ ನೋಡಿ ಖುಷಿಯಾಗಿ, ತಮ್ಮಲ್ಲಿದ್ದ ಬೀಜದಲ್ಲಿ ಎರಡು ಸೇರು ಕೊಟ್ಟರಂತೆ. ಕೊಳವೆಯಲ್ಲಿರುವುದೂ ಇದೂ ಒಂದೇ ತಳಿಯೆಂದು ಆ ನೆರಳು ನೋಡಿ ಹೇಳಲಾಗದು ಎಂದೆ. ಚಿಕ್ಕಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಗದ್ದೆಯ ಒಂದು ಮೂಲೆಯಲ್ಲಿ ನೆಟ್ಟೇಬಿಟ್ಟರು.

ತೆನೆ ಬಂದಾಗ ಫೋನ್ ಮಾಡಿ ನನ್ನನ್ನು ಕರೆಸಿಕೊಂಡರು. ಬದುವಿನ ಮೇಲೆ ನಿಂತು ತೆನೆಗೆ ಕೈ ಹಾಕಿದೆ. ಮೀಸೆಗಳು ಮೊಣಕೈವರೆಗೂ ಚುಚ್ಚಿದವು.

"ಎಂತ, ಹಂದಿ ಯಾಕೆ ಮುಟ್ಟೂದಿಲ್ಲ ಅಂತ ಗೊತ್ತಾಯ್ತಾ?" ಎಂದು ಕೇಳಿದ ಚಿಕ್ಕಪ್ಪನ ಮುಖದಲ್ಲಿ ಭಾರೀ ಹಿಗ್ಗು.