ಗೋಪುರ ಬಗ್ಗುತ್ತಿದ್ದ ಕಿಟಕಿ

ನನ್ನ ಸೋದರಮಾವ ಕಿಟಕಿಗಳಿಗೆ ಗಾಜು ಕೂರಿಸುವವನು. ಜಂಬದ ಮನುಷ್ಯ. ಬಿಚ್ಚಿದ ಗಾಜಿನ ಮೇಲೆ ಗುರುತು ಬರೆದುಕೊಳ್ಳುವವರನ್ನು ಕಂಡರೆ ಅವನಿಗೆ ತಾತ್ಸಾರ. "ತಲೆ ಇರೋದು ಬರೀ ಟೋಪಿ ಹಾಕ್ಕೊಳ್ಳೋಕಾ?" ಎನ್ನುತ್ತಾನೆ. ಕಣ್ಣಿಗೆ ಕಾಣದ ಗಾಜೇ ಒಳ್ಳೆಯ ಗಾಜು ಎಂಬುದು ಅವನ ನಂಬಿಕೆ. ನನ್ನ ಹೊಲಿಗೆ ಅಂಗಡಿಯ ಬಾಗಿಲಿಗೆ ಅವನು ಹಾಕಿಕೊಟ್ಟ ಗಾಜಿಗೆ ಗಿರಾಕಿಗಳು ಹಣೆ ಚಚ್ಚಿಕೊಳ್ಳುತ್ತಾರೆ. ಆಗ ಅವನ ಮುಖ ನೋಡಬೇಕು, ಬಹುಮಾನ ಬಂದವರ ಹಾಗೆ ಅರಳಿರುತ್ತದೆ.

ಇಂಥವನಿಗೆ ಹಳೆಯ ಆಸ್ಪತ್ರೆಯ ಕೆಲಸ ಸಿಕ್ಕಿತು. ಬಹುಕಾಲ ಬೀಗ ಬಿದ್ದಿದ್ದ ಕಟ್ಟಡ ಅದು. ಅದರ ಬೆನ್ನಿಗೇ ಒಂದು ದೊಡ್ಡ ಹೋಟೆಲ್ ಎದ್ದಿತ್ತು. ಹಳೆಯದನ್ನು ದುರಸ್ತಿ ಮಾಡಿ, ನಡುವೆ ಒಂದು ದಾರಿ ಕೊಟ್ಟು, ಹೋಟೆಲಿಗೆ ಸೇರಿಸಿಕೊಳ್ಳುವುದು ಮಾಲೀಕರ ಯೋಜನೆ. ರೋಗಿಗಳು ಮಲಗಿದ್ದ ವಾರ್ಡುಗಳಲ್ಲಿ ಇನ್ನು ಮುಂದೆ ಅತಿಥಿಗಳು ಮಲಗುತ್ತಾರೆ. ಕಿಟಕಿಗಳಲ್ಲಿದ್ದ ಅಲೆ ಅಲೆಯಾದ ಹಳೆಯ ಗಾಜನ್ನು ತೆಗೆದು, ತೊಳೆದು, ಅದದೇ ಜಾಗಕ್ಕೆ ಕೂರಿಸಬೇಕು ಎಂದಳು ಅಲ್ಲಿಯ ಇಂಜಿನಿಯರ್ ಹುಡುಗಿ. "ಒಂದೊಂದಕ್ಕೂ ಗುರುತು ಹಾಕಿ ತೆಗೀರಿ ಯಜಮಾನ್ರೇ," ಎಂದೂ ಹೇಳಿದಳು. ಮಾವ ಹೂಂಗುಟ್ಟಿದ. ಒಂದಕ್ಕೂ ಹಾಕಲಿಲ್ಲ.

ಒಂದು ಸಂಜೆ ನಾನೂ ಮಾವನ ಮನೆಯಲ್ಲೇ ಊಟಕ್ಕಿದ್ದೆ. ಮಾವ ತಟ್ಟೆಯ ಮುಂದೆ ಕೂತು ಆ ಗಾಜುಗಳನ್ನು ಆಡಿಕೊಂಡು ನಗುತ್ತಿದ್ದ. ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಮೇಲಿನ ಉದ್ದ ವಾರ್ಡಿನ ಮೂಲೆ ಕಿಟಕೀನೂ ಬಿಚ್ಚಿಬಿಟ್ರಾ?"

"ಎಲ್ಲಾ ಬಿಚ್ಚಾಯ್ತು. ಅಲ್ಲಿ ಉದ್ದ ವಾರ್ಡಿದೆ ಅಂತ ನಿಂಗೆ ಹೇಗೇ ಗೊತ್ತು?"

ಅತ್ತೆ ಪಾತ್ರೆ ಕೆಳಗಿಟ್ಟು ಕೂತಳು. ಚಿಕ್ಕವಳಿದ್ದಾಗ ಅವಳಿಗೆ ಶ್ವಾಸಕೋಶದ ಕಾಯಿಲೆ ಬಂದು, ಹೆಚ್ಚುಕಮ್ಮಿ ಒಂದು ವರ್ಷ ಆ ಮೂಲೆಯ ಮಂಚದಲ್ಲಿ ಮಲಗಿದ್ದಳಂತೆ. ಅಂಟುವ ಕಾಯಿಲೆ ಎಂದು ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯಲ್ಲಿ ದೂರದ ಗಡಿಯಾರದ ಗೋಪುರ ಕಾಣುತ್ತಿತ್ತು. ದಿಂಬಿನ ಮೇಲೆ ತಲೆ ಹೊರಳಿಸಿದರೆ ಗೋಪುರ ಸೊಂಟ ಬಗ್ಗಿಸಿ, ಗಡಿಯಾರದ ಮುಖವನ್ನು ಕಿಟಕಿಗೆ ತಂದು, ಹೇಗಿದ್ದೀಯ ಎಂದು ಕೇಳುತ್ತಿತ್ತು. ಇವಳು ಚೆನ್ನಾಗಿದ್ದೀನಿ ಎಂದು ಈ ಕಡೆ ಹೊರಳಿದರೆ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು.

"ಮನೆಗೆ ಬಂದ ಮೇಲೆ ಅಮ್ಮನಿಗೆ ಹೇಳಿದೆ. ಜ್ವರದ ಭ್ರಮೆ, ಸುಮ್ನಿರು ಅಂದ್ಲು. ಆ ಆಸ್ಪತ್ರೆ ಮಾತು ಮತ್ತೆ ಬಾಯಲ್ಲಿ ಬಂದ್ರೆ ನಿನ್ನ ಯಾರೂ ಮದುವೆ ಆಗಲ್ಲ ಅಂದ್ಲು. ಅವತ್ತು ಮುಚ್ಚಿದ ಬಾಯಿ."

ಮಾವ ಕೈ ತೊಳೆದು ಎದ್ದುಹೋದ. ಆಮೇಲೆ ಕೆಲವು ದಿನ ಮುಖ ಗಂಟಿಕ್ಕಿಕೊಂಡೇ ಓಡಾಡಿದ. ಅಂಗಡಿಗೆ ಬಂದವನನ್ನು ಹಿಡಿದು ಬೈದೆ. "ಚಿಕ್ಕ ಮಗುವಿಗೆ ಕಾಯಿಲೆ ಬಂದಿದ್ದಕ್ಕೆ ಮುದುಕಿ ಮೇಲೆ ಕೋಪಾನಾ?"

"ಕಾಯಿಲೆಗಲ್ಲ ಕಣೇ," ಎಂದ. "ಇಷ್ಟು ವರ್ಷ ಒಬ್ಬಳೇ ಹೊತ್ಕೊಂಡಿದ್ಲಲ್ಲ. ನಾನು ಪಕ್ಕದಲ್ಲೇ ಗೊರಕೆ ಹೊಡೀತಿದ್ದೆ."

ಅತ್ತೆಯ ಸಂಕಟ ಬೇರೆಯೇ ಇತ್ತು. "ಈಚೀಚೆಗೆ ನನಗೇ ಅನುಮಾನ ಬರ್ತಿದೆ ಕಣೇ," ಎಂದಳು ಒಂದು ಮಧ್ಯಾಹ್ನ. "ಅದು ಬರೀ ಜ್ವರಾನೇ ಆಗಿದ್ರೆ, ಆ ವರ್ಷ ಪೂರ್ತಿ ನಾನು ಒಬ್ಬಳೇ ಇದ್ದೆ ಅಂತ ತಾನೇ?"

ಗೋಪುರ ಬಗ್ಗುವುದು ಗಾಜಿನ ಅಲೆಯಿಂದ ಎಂದು ಮಾವನಿಗೆ ತಿಳಿದಿತ್ತು. ಆದರೆ ಯಾವ ಗಾಜು? ತೊಳೆದು ಒರಗಿಸಿಟ್ಟ ಮೇಲೆ ಎಲ್ಲವೂ ಒಂದೇ ಥರ. ಜಂಬದ ತಲೆ ಕೈಕೊಟ್ಟಿತ್ತು. ಅವನು ಇಂಜಿನಿಯರ್ ಹುಡುಗಿಯ ಮುಂದೆ ನಿಂತು, ಗುರುತು ಹಾಕಲಿಲ್ಲ ಎಂದು ಒಪ್ಪಿಕೊಂಡ. ಅವಳು ಚೆನ್ನಾಗಿಯೇ ಬೈದಳಂತೆ. ಬೈದು ಮುಗಿಸಿ, ರಜೆಯ ದಿನ ವಾರ್ಡಿನ ಬೀಗದ ಕೈ ಕೊಟ್ಟಳು.

ಆ ಬೆಳಿಗ್ಗೆ ನಾವು ಮೂವರೇ ಮೆಟ್ಟಿಲು ಹತ್ತಿದೆವು. ಉದ್ದ ವಾರ್ಡು ಸುಣ್ಣದ ವಾಸನೆಯಲ್ಲಿ ಇನ್ನೂ ನಿದ್ದೆಯಲ್ಲಿತ್ತು. ಬಿಸಿಲು ಬಿದ್ದ ಕಡೆಯೆಲ್ಲ ಧೂಳು ತೇಲುತ್ತಿತ್ತು. ಕೆಲಸದವರು ಹತ್ತಿ ನಿಲ್ಲಲು ಕಟ್ಟಿದ ಸಾರುವೆಗೆ ಹೊದಿಸಿದ್ದ ಬಿಳಿಯ ಬಟ್ಟೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಯಾರೋ ಮಲಗಿ ಉಸಿರಾಡುತ್ತಿದ್ದಾರೆ ಅನ್ನಿಸಿ ನಾನು ಮಾತು ತಗ್ಗಿಸಿದೆ. ಮೂಲೆಯ ನೆಲದಲ್ಲಿ ಮಂಚದ ಕಾಲುಗಳ ತುಕ್ಕಿನ ಉಂಗುರಗಳು ಹಾಗೇ ಉಳಿದಿದ್ದವು. ಅತ್ತೆ ಅವನ್ನು ಕಾಲ್ಬೆರಳಿನಿಂದ ಮುಟ್ಟಿ ನೋಡಿದಳು. ಮಾವ ಬಣ್ಣದ ಡಬ್ಬಗಳನ್ನು ಆ ಉಂಗುರಗಳ ಮೇಲೇ ಇಟ್ಟು, ಹಲಗೆ ಹಾಸಿ, ತನ್ನ ಶಾಲು ಮಡಚಿ ದಿಂಬು ಮಾಡಿದ. ಅತ್ತೆ ಮಲಗಿದಳು. ಅಷ್ಟು ಚಿಕ್ಕವಳಾಗಿ ಅವಳನ್ನು ನಾನು ಎಂದೂ ಕಂಡಿರಲಿಲ್ಲ.

ಮಾವ ಒಂದೊಂದೇ ಗಾಜನ್ನು ಖಾಲಿ ಚೌಕಟ್ಟಿಗೆ ಒತ್ತಿ ಹಿಡಿದ. ಅತ್ತೆ ಆ ಕಡೆ ಈ ಕಡೆ ತಲೆ ಹೊರಳಿಸಿದಳು.

"ಇದಲ್ಲ."

ಮುಂದಿನದು. ಗೋಪುರ ಸ್ವಲ್ಪ ನಡುಗಿತಂತೆ. ಇನ್ನೊಂದರಲ್ಲಿ ಊದಿಕೊಂಡಿತಂತೆ. ಒಂದರಲ್ಲಂತೂ ಗಡಿಯಾರವೇ ಎರಡಾಯಿತಂತೆ. ಬಗ್ಗಲಿಲ್ಲ. ತಲೆಕೆಳಗು ಮಾಡಿ ಹಿಡಿದರೂ ಇಲ್ಲ. ಬಿಸಿಲು ಮೇಲೇರಿತು, ಗಾಜಿನ ಸಾಲು ಮುಗಿಯಿತು.

"ಸಾಕು ಬಿಡ್ರಿ," ಎಂದಳು ಅತ್ತೆ ಛಾವಣಿ ನೋಡುತ್ತ. "ಅಮ್ಮ ಹೇಳಿದ್ದೇ ನಿಜ. ಜ್ವರ."

ಮಾವ ಕದಲಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಅಲೆ ತೀರಾ ಜಾಸ್ತಿ ಇದ್ದ ಗಾಜುಗಳನ್ನು ಅವನು ಬೇರೆ ತೆಗೆದು, ಬಚ್ಚಲಿನ ಗವಾಕ್ಷಿಗಳಿಗೆಂದು ತುಂಡು ಮಾಡುತ್ತಿದ್ದ. ಅವನ ಲೆಕ್ಕದಲ್ಲಿ ಅವು ಕೆಟ್ಟ ಗಾಜು. "ನನ್ನ ಕೈಯಾರೆ ಕತ್ತರಿಸಿಬಿಟ್ನೇನೋ," ಎಂದು ಬಾಗಿಲ ಹಿಂದಕ್ಕೆ ಓಡಿದ. ಅಲ್ಲಿ ಒಂದೇ ಒಂದು ಇಡೀ ಗಾಜು ಗೋಡೆಗೆ ಮುಖ ಮಾಡಿ ನಿಂತಿತ್ತು. ಕತ್ತರಿಸಲು ಅಂಚಿನಲ್ಲಿ ಗೀರೂ ಎಳೆದಾಗಿತ್ತು. ಜೋರಾಗಿ ಒತ್ತಿದರೆ ಎರಡು ಹೋಳು. ಅದನ್ನು ಎರಡೂ ಅಂಗೈಯಲ್ಲಿ ಹೊತ್ತು ತಂದು, ಉಸಿರು ಬಿಗಿಹಿಡಿದು ಚೌಕಟ್ಟಿಗೆ ಆನಿಸಿದ.

ಅತ್ತೆ ತಲೆ ಹೊರಳಿಸಿದಳು. ಮತ್ತೆ ಈ ಕಡೆ ಹೊರಳಿದಳು, ಮತ್ತೆ ಆ ಕಡೆ. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯುತ್ತಿತ್ತು. ನಾನೂ ಅಳುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಏನೇ? ಬಾಯಿ ಬಿಡೇ! ಕೈ ಸೋಲ್ತಿದೆ," ಎಂದ ಮಾವ.

ಅವಳು ಎದ್ದು ಬಂದಳು. "ಗಾಜು ಇವಳ ಕೈಗೆ ಕೊಡಿ. ನೀವು ಮಲಗಿ."

"ನಾನ್ಯಾಕೆ?"

"ಮಲಗ್ರೀ ಅಂದ್ರೆ."

ಗಾಜು ನನ್ನ ಕೈಗೆ ಬಂತು. ಮಾವ ಗೊಣಗುತ್ತ ಹಲಗೆಯ ಮೇಲೆ ಉದ್ದಕ್ಕೆ ಮಲಗಿದ. ಬದುಕಿಡೀ ಅವನು ಗಾಜನ್ನು ನೋಡಿದ್ದನೇ ಹೊರತು ಗಾಜಿನಾಚೆ ನೋಡಿರಲಿಲ್ಲ. ತಲೆಯನ್ನು ಮೆಲ್ಲಗೆ ಹೊರಳಿಸಿದ. ಗೊಣಗಾಟ ನಿಂತಿತು. ಬಿಳಿಯ ಬಟ್ಟೆಗಳು ಒಮ್ಮೆ ಉಬ್ಬಿ ಇಳಿದವು.

"ಕಂಡ್ತಾ?" ಎಂದಳು ಅತ್ತೆ.

"ಕಂಡ್ತು. ಬಗ್ಗಿ ಏನೋ ಕೇಳ್ತಾ ಇದೆ."

"ಏನಂತೆ?"

"ನಿಮ್ಮವಳು ಹೇಗಿದ್ದಾಳೆ ಅಂತ."

ಅತ್ತೆ ಹಲಗೆಯ ಅಂಚಿನಲ್ಲಿ ಕೂತು ಅವನ ಕೈ ಹಿಡಿದುಕೊಂಡಳು.

"ಚೆನ್ನಾಗಿದ್ದಾಳೆ ಅಂತ ಹೇಳಿ," ಎಂದಳು.