ಟಾಕೀಸ್ ಕಾಕಾ ಒಲ್ಲೆನೆಂದ ಪುಕ್ಕಟೆ ಆಟ

ಪರದೆಯ ಬೆಳಕು ಟಾಕೀಸ್ ಕಾಕಾ ಅವರ ಬೆನ್ನಿಗೆ ಬೀಳುತ್ತಿತ್ತು, ಮುಖಕ್ಕಲ್ಲ. ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಇದ್ದದ್ದು ಅವರದೊಂದೇ ಹಳೆಯ ಟಾಕೀಸು. ಯಾವ ಸಿನಿಮಾ ಬಂದರೂ ಮೊದಲ ಆಟದಲ್ಲಿ ಅವರು ಪರದೆಯ ಕೆಳಗೆ ನಿಂತು ಜನರ ಮುಖ ನೋಡುತ್ತಿದ್ದರು. "ಸಿನಿಮಾ ಅಲ್ಲಿಲ್ಲೋ ತಮ್ಮಾ, ಇಲ್ಲೈತಿ" ಎಂದು ಕುರ್ಚಿಗಳ ಕಡೆ ಕೈ ತೋರಿಸುವರು.

ಹೊಸ ಸಿನಿಮಾವೊಂದರ ಮೊದಲ ಆಟದ ಮಧ್ಯಾಹ್ನ, ಸಂತೆ ಮುಗಿಸಿಕೊಂಡು ಬಂದ ಅಂಕಲಗಿ ಊರಿನವರು, ನಮ್ಮ ಓಣಿಯವರು, ನಾನು, ನನ್ನ ಹೆಂಡತಿ ಎಲ್ಲ ಇದ್ದೆವು. ಆ ಸಿನಿಮಾದಲ್ಲಿ ಮಂತ್ರಿಯೊಬ್ಬ ಸೇತುವೆಯ ದುಡ್ಡು ನುಂಗಿ, ಅದರಲ್ಲೇ ಒಂದು ಟಿವಿ ಚಾನೆಲ್ ಕೊಳ್ಳುತ್ತಾನೆ. ಸೇತುವೆ ಬಿದ್ದ ದಿನ ಆ ಚಾನೆಲ್ಲು, ತಪ್ಪೆಲ್ಲ ಕೆಳಗೆ ಹರಿಯುವ ಹೊಳೆಯದ್ದೇ ಎಂದು ಚರ್ಚೆ ನಡೆಸುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಕಾಕಾ ನಗಲಿಲ್ಲ.

ಹೊರಗೆ ಚಹಾ ಕುಡಿಯುವಾಗ ಕೇಳಿದೆ: "ಯಾಕ್ರಿ ಕಾಕಾ, ಸಪ್ಪಗ ಅದೀರಿ? ಆಟ ಫುಲ್ ಆಗೇತಲ್ಲ!"

"ನಕ್ಕು ಹಗೂರಾಗಿ ಮನಿಗೆ ಹೋದ್ರಪಾ. ಒಬ್ಬರ ಮಾರಿ ಮ್ಯಾಲೂ ಸಿಟ್ಟು ಕಾಣಲಿಲ್ಲ. ಅದಕ್ಕ ಅಂಜಿಕಿ ಬಂತು."

ಅಷ್ಟರಲ್ಲಿ ನಮ್ಮ ಭಾಗದ ನಾಯಕರ ಆಪ್ತನೊಬ್ಬ ಬಂದ. ಸಿನಿಮಾ ನಿಲ್ಲಿಸಲು ಬಂದನೆಂದುಕೊಂಡೆ. ಅವನು ಕರದಂಟಿನ ಡಬ್ಬಿ ಮುಂದಿಟ್ಟ.

"ಸಾಹೇಬ್ರಿಗೆ ಸಿನಿಮಾ ಭಾಳ ಸೇರೇತ್ರಿ. ವಾರಗಟ್ಟಲೆ ಜನರಿಗೆ ಪುಕ್ಕಟೆ ತೋರಸ್ತಾರ. ಸುರೂಕ ಅವರ ಫೋಟೋ, 'ಭ್ರಷ್ಟಾಚಾರದ ವೈರಿ' ಅಂತ. ನಿಮ್ಮ ಲೈಸೆನ್ಸಿನ ಕೆಲಸಾನೂ ಆಕ್ಕೈತಿ."

ಟಾಕೀಸಿನ ಲೈಸೆನ್ಸು ನಾಯಕರ ಒಂದು ಮಾತಿಗಾಗಿ ಕಾದು ನಿಂತಿತ್ತು. ಅದು ಬಾರದಿದ್ದರೆ ಬೀಗ.

ಕಾಕಾ ಡಬ್ಬಿಯನ್ನು ಹಿಂದಕ್ಕೆ ಸರಿಸಿದರು. "ಕಳ್ಳನ ಕಥಿ ಕಳ್ಳನ ಕಡೆಯಿಂದನ ಹೇಳಿಸಿದ್ರ, ಜನಾ ಯಾರನ್ನ ನಂಬಬೇಕೋ? ನಾ ಒಲ್ಲೆ."

"ವಿಚಾರ ಮಾಡ್ರಿ. ವಯಸ್ಸಾಗೇತಿ ನಿಮಗ."

"ವಯಸ್ಸಾಗೇತಿ ಅಂತನ ಒಲ್ಲೆ ಅನ್ನಾಕ ಧೈರ್ಯ ಬಂದೈತಿ. ಹೋಗು, ಚಹಾ ಆರತೈತಿ."

ಮುಂದಿನ ವಾರ ಊರಿನ ಕೇಬಲ್ ಸುದ್ದಿಯಲ್ಲಿ ಟಾಕೀಸಿನ ಗೋಡೆ ಬಂತು. ಸುತ್ತ ಕೆಂಪು ಗೆರೆ, ಹಿಂದೆ ಢಣಢಣ ಸದ್ದು: ಇಂದೋ ನಾಳೆಯೋ ಕುಸಿಯಲಿದೆ! ಸಿನಿಮಾದ ಚಾನೆಲ್ಲಿಗೆ ನಕ್ಕವರೇ ಮಕ್ಕಳನ್ನು ಆ ಬೀದಿಗೆ ಬಿಡಲಿಲ್ಲ. ನನ್ನ ಹೆಂಡತಿ ಕೂಡ, "ಖರೆ ಇರಬೇಕ್ರಿ, ಟಿವ್ಯಾಗ ತೋರಿಸ್ಯಾರ" ಎಂದಳು. ನಾನೂ ಸುತ್ತುದಾರಿ ಹಿಡಿದೆ. ಲೈಸೆನ್ಸು ಬರಲಿಲ್ಲ. ಬೀಗ ಬಿತ್ತು.

ಕಾಕಾ ಆ ಮಳೆಗಾಲ ದಾಟಲಿಲ್ಲ. ಅವರ ಮಗ ಜಾಗ ಮಾರಿದ. ಗೋಡೆ ಕೆಡವಲು ಬಂದ ಜೆಸಿಬಿ ಮಧ್ಯಾಹ್ನದ ತನಕ ಗುದ್ದಿ ಹಲ್ಲು ಮುರಿದುಕೊಂಡಿತು. ಹುಕ್ಕೇರಿಯಿಂದ ಇನ್ನೂ ದೊಡ್ಡದೊಂದನ್ನು ತರಿಸಿದರು.